ಮೂರನೇ ಶನಿವಾರದ ಮೇಜು

ಓದುಗರ ಪ್ರಶ್ನೆಗಳಿಗೆ ಚಿಕ್ಕಮಗಳೂರಿನ ನಿವೃತ್ತ ವಿಶೇಷ ಶಿಕ್ಷಕಿಯೊಬ್ಬರ ಉತ್ತರ

ಈ ಸಲ ಬಂದ ಪತ್ರಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿಕೊಂಡು ಓದಿದೆ. ಬರೆದವರಲ್ಲಿ ಶಿಕ್ಷಕರಿದ್ದಾರೆ, ಹೆತ್ತವರಿದ್ದಾರೆ, ತೋಟದ ಮಾಲೀಕರೊಬ್ಬರೂ ಇದ್ದಾರೆ. ಎಲ್ಲರ ಚಿಂತೆ ಸುತ್ತಿ ಬಳಸಿ ಒಂದೇ. ವಿಶೇಷ ಶಾಲೆಯ ಮಗುವಿಗೆ ಹದಿನೆಂಟು ತುಂಬಿದ ಮರುದಿನ ಬೆಳಿಗ್ಗೆ ಅದು ಎದ್ದು ಎಲ್ಲಿಗೆ ಹೋಗಬೇಕು? ಹೆಸರು ಹಾಕಬೇಡಿ ಎಂದು ಹೆಚ್ಚಿನವರು ಕೇಳಿದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೂಡಿಗೆರೆ ಕಡೆಯ ಒಂದು ವಿಶೇಷ ಶಾಲೆಯಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹದಿನಾಲ್ಕು ದಾಟಿದ ಹನ್ನೊಂದು ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಮೇಣದಬತ್ತಿ, ಕಾಗದದ ಚೀಲ, ಫಿನಾಯಿಲ್ ಮಾಡಿಸುತ್ತೇನೆ. ಶಾಲೆ ಬಿಟ್ಟವರೆಲ್ಲ ಮನೆಯಲ್ಲಿ ಟಿವಿ ಮುಂದೆ ಕುಳಿತಿದ್ದಾರೆ. ತರಬೇತಿಗೆ ಹೋಗುತ್ತೇನೆ, ಪ್ರಮಾಣಪತ್ರ ತರುತ್ತೇನೆ, ಸೋಮವಾರ ಮತ್ತೆ ಅದೇ ಮೇಣದಬತ್ತಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರಿ ಒಂದು ಕಲಿಕೆಯ ಗುಂಪು ಮಾಡಿಕೊಂಡರೆ ಪ್ರಯೋಜನವಿದೆಯೇ? ಹೇಗೆ ಆರಂಭಿಸಲಿ?

ಉತ್ತರ: ಪ್ರಯೋಜನವಿದೆ, ಆದರೆ ಮೊದಲ ನಾಲ್ಕು ತಿಂಗಳು ಕಾಣಿಸುವುದಿಲ್ಲ. ನಾವು 2014ರಲ್ಲಿ ಆರು ಮಂದಿ ಸೇರಿದೆವು. ಚಿಕ್ಕಮಗಳೂರಿನವರು ಇಬ್ಬರು, ಆಲ್ದೂರು, ಮೂಡಿಗೆರೆ, ಕಡೂರು, ಬೇಲೂರಿನವರು ಒಬ್ಬೊಬ್ಬರು. ಪರಿಚಯದವರೊಬ್ಬರು ಹೊಲಿಗೆ ಕಲಿಸುವ ಕೋಣೆಯನ್ನು ತಿಂಗಳಿಗೊಮ್ಮೆ ಬಿಟ್ಟುಕೊಟ್ಟರು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಅದರ ಮೇಲೆ ಸೀಮೆಸುಣ್ಣದ ಗೆರೆಗಳು, ಮೂಲೆಯಲ್ಲಿ ಚೂರುಬಟ್ಟೆಯ ರಾಶಿ. ಮೂರನೇ ಶನಿವಾರ ಬೆಳಗಿನ ಶಾಲೆ ಮುಗಿಸಿ ಎರಡು ಗಂಟೆಗೆ ಅಲ್ಲಿ ಸೇರುತ್ತಿದ್ದೆವು. ಮೊದಲ ನಾಲ್ಕು ಶನಿವಾರ ಏನು ಮಾಡಿದೆವು ಎಂದರೆ, ಗೌರವಧನ ತಡವಾದದ್ದು, ವ್ಯಾನ್ ಚಾಲಕ ಕೈಕೊಟ್ಟದ್ದು, ಆಡಳಿತ ಮಂಡಳಿಯವರಿಗೆ ವಾರ್ಷಿಕೋತ್ಸವದ ನೃತ್ಯ ಬಿಟ್ಟು ಬೇರೇನೂ ಬೇಡವಾದದ್ದು, ಇದನ್ನೆಲ್ಲ ಹೇಳಿಕೊಂಡು ಚುರುಮುರಿ ತಿಂದು ಎದ್ದೆವು. ಮನಸ್ಸು ಹಗುರವಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಒಂದು ಮಗುವಿಗೂ ಅದರಿಂದ ಏನೂ ಆಗಲಿಲ್ಲ.

ಐದನೇ ಶನಿವಾರ ನನ್ನ ಮಾನ ಹೋಯಿತು. ಗುಂಪು ಅಲ್ಲಿಂದ ಶುರುವಾಯಿತು ಎಂದೇ ನಾನು ಲೆಕ್ಕ ಇಟ್ಟಿರುವುದು.

ನನ್ನ ತರಗತಿಯಲ್ಲಿ ಹದಿನಾರರ ಒಬ್ಬ ಹುಡುಗನಿದ್ದ. ಬೌದ್ಧಿಕ ವೈಕಲ್ಯ, ಮಾತು ಕಡಿಮೆ, ಕೈ ಗಟ್ಟಿ. ಕಾಫಿ ನರ್ಸರಿಯ ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬುವುದನ್ನು ಅವನಿಗೆ ಎರಡು ವರ್ಷ ಕಲಿಸಿದ್ದೆ. ಕಾಡುಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು ಬೆರೆಸಿಟ್ಟರೆ ಬೊಗಸೆಯಲ್ಲಿ ಎತ್ತಿ ತುಂಬಿ, ಚೀಲವನ್ನು ನೆಲಕ್ಕೆ ಮೂರು ಸಲ ಕುಟ್ಟಿ, ಮತ್ತೆ ತುಂಬಿ, ಸಾಲಿಗೆ ಇಡುತ್ತಿದ್ದ. ಮಗುವಿಗೆ ಯಾವ ಕೆಲಸ ಎಷ್ಟು ಬರುತ್ತದೆ ಎಂದು ಗುರುತು ಹಾಕುವ, ಸಿಕಂದರಾಬಾದಿನ ಬೌದ್ಧಿಕ ವೈಕಲ್ಯದ ರಾಷ್ಟ್ರೀಯ ಸಂಸ್ಥೆಯ ಎಫ್‌ಎಸಿಪಿ ಪಟ್ಟಿಯನ್ನು ನೀವೂ ತುಂಬುತ್ತೀರಲ್ಲ, ಅದೇ ಬಗೆಯ ತಖ್ತೆಯಲ್ಲಿ ಅವನ ಹೆಸರಿನ ಮುಂದೆ 'ಸಹಾಯವಿಲ್ಲದೆ ಮಾಡುತ್ತಾನೆ' ಎಂದು ದಪ್ಪನೆಯ ಕೂಡಿಸುವ ಚಿಹ್ನೆ ಹಾಕಿದ್ದೆ. ಜನವರಿಯಲ್ಲಿ ಒಂದು ತೋಟದ ನರ್ಸರಿಗೆ ಮೂರು ದಿನದ ಮಟ್ಟಿಗೆ ಕರೆದೊಯ್ದು ಬಿಟ್ಟೆ. ಸಂಜೆ ಹೋಗಿ ನೋಡಿದರೆ ಅವನ ಮುಂದೆ ಒಂದೇ ಚೀಲ. ತುಂಬಿದ ಮೇಲೂ ತುಂಬಿ, ಮಣ್ಣು ಹೊರಚೆಲ್ಲಿ, ಚೀಲ ಗುಡ್ಡೆಯೊಳಗೆ ಮುಚ್ಚಿಹೋಗಿತ್ತು. ಹುಡುಗ ಸುತ್ತಲೂ ಯಾರನ್ನೋ ಹುಡುಕುತ್ತಿದ್ದ. ಮೇಸ್ತ್ರಿ ಬಯ್ಯಲಿಲ್ಲ. "ಹುಡುಗ ಒಳ್ಳೆಯವನು ಟೀಚರ್, ಆದರೆ ಅವನಿಗೇ ಒಂದು ಆಳು ಇಡಬೇಕಾಗುತ್ತದೆ" ಎಂದ.

ಹೊಸ ಜಾಗ, ಗಲಾಟೆ, ಹೆದರಿದ್ದಾನೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಶನಿವಾರ ಗುಂಪಿನಲ್ಲಿಯೂ ಅದನ್ನೇ ಹೇಳಿದೆ. ತರಗತಿಯಲ್ಲಿ ಅವನು ಎಷ್ಟು ಚೆನ್ನಾಗಿ ಮಾಡುತ್ತಾನೆ ನೋಡಿ ಎಂದು ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೊ ತೋರಿಸಿದೆ. ಹೊರಗೆ ಹೊಲಿಗೆ ಯಂತ್ರದ ಸದ್ದು, ಮೊಬೈಲಿನ ದನಿ ಕೇಳುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಬರೀ ಚಿತ್ರ ನೋಡಿದರು. ಕಡೂರಿನ ಟೀಚರ್ ಇನ್ನೊಮ್ಮೆ ಹಾಕಿ ಎಂದರು. ಮತ್ತೊಮ್ಮೆ ನೋಡಿ, "ಇವನು ಚೀಲವನ್ನು ನೋಡುತ್ತಲೇ ಇಲ್ಲವಲ್ಲ" ಎಂದರು. ಹೌದು. ಪ್ರತಿ ಬೊಗಸೆ ಹಾಕಿದ ಮೇಲೆ ಹುಡುಗ ತಲೆ ಎತ್ತುತ್ತಿದ್ದ. ಎತ್ತಿ ನೋಡುತ್ತಿದ್ದದ್ದು ನನ್ನ ಮುಖವನ್ನು. ಚೀಲ ತುಂಬಿದಾಗ ನನಗೇ ತಿಳಿಯದಂತೆ ನಾನು ಒಂದಿಷ್ಟು ಗಲ್ಲ ಕೆಳಗಿಳಿಸುತ್ತಿದ್ದೆ. ಅವನು ನಿಲ್ಲಿಸುತ್ತಿದ್ದ. ಎರಡು ವರ್ಷ ನಾನು ಅವನಿಗೆ ಕಲಿಸಿದ್ದು ಚೀಲ ತುಂಬುವುದನ್ನಲ್ಲ, ನನ್ನ ಗಲ್ಲವನ್ನು ಓದುವುದನ್ನು. ನರ್ಸರಿಯಲ್ಲಿ ಗಲ್ಲ ಇರಲಿಲ್ಲ.

ಇದನ್ನು ನಾನೊಬ್ಬಳೇ ನೂರು ಸಲ ನೋಡಿದರೂ ಕಾಣುತ್ತಿರಲಿಲ್ಲ, ಏಕೆಂದರೆ ನಾನು ನನ್ನ ಮುಖ ನೋಡಲಾರೆ. ಯಾವ ತರಬೇತಿಯ ಸಂಪನ್ಮೂಲ ವ್ಯಕ್ತಿಯೂ ಹೇಳುತ್ತಿರಲಿಲ್ಲ, ಏಕೆಂದರೆ ಅವರು ಆ ಹುಡುಗನನ್ನು ನೋಡಿಲ್ಲ. ನೀವು ಕೇಳಿದ 'ಪ್ರಯೋಜನ' ಇಷ್ಟೇ.

ಮುಂದಿನದನ್ನೂ ಹೇಳಿಬಿಡುತ್ತೇನೆ. ಆಲ್ದೂರಿನ ಟೀಚರ್ ಪತಿ ನಲ್ಲಿ ಕೆಲಸದವರು. ಅವರು ಚೀಲದ ಎತ್ತರಕ್ಕಿಂತ ಎರಡು ಬೆರಳು ಕಡಿಮೆ ಇರುವ ದಪ್ಪ ಪಿವಿಸಿ ಪೈಪಿನ ತುಂಡು ಕತ್ತರಿಸಿ ಕೊಟ್ಟರು. ಪೈಪಿನೊಳಗೆ ಚೀಲ ಇಳಿಸಿ ಬಾಯಿಯನ್ನು ಹೊರಕ್ಕೆ ಮಡಚಿದರೆ ಚೀಲ ನೆಟ್ಟಗೆ ನಿಲ್ಲುತ್ತದೆ. ಮಣ್ಣು ಪೈಪಿನ ಅಂಚಿಗೆ ಬಂದಾಗ ಅಂಗೈಯಿಂದ ಸವರಿದರೆ ಸಮ. ಕುಟ್ಟು, ಮತ್ತೆ ತುಂಬು, ಮತ್ತೆ ಸವರು, ಪೈಪ್ ಎತ್ತು. 'ಸಾಕು' ಎಂದು ಈಗ ಪೈಪಿನ ಅಂಚು ಹೇಳುತ್ತದೆ, ಟೀಚರ್ ಅಲ್ಲ. ನಾನು ಅವನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಬಾಯಿ ಮುಚ್ಚಿ ಕುಳಿತೆ. ಮೊದಲ ವಾರ ಅವನು ತಿರುಗಿ ತಿರುಗಿ ನೋಡಿದ, ಸಿಟ್ಟು ಮಾಡಿದ, ಒಂದು ದಿನ ಪೈಪನ್ನೇ ಎಸೆದ. ಆರು ವಾರ ಹಿಡಿಯಿತು. ಮುಂದಿನ ಜನವರಿಯಲ್ಲಿ ಅದೇ ಮೇಸ್ತ್ರಿಯ ಕೈಕೆಳಗೆ ಅವನು ಕೆಲಸಕ್ಕೆ ನಿಂತ, ಬಗಲಲ್ಲಿ ಆ ಪೈಪಿನ ತುಂಡು. ವರ್ಷವಿಡೀ ಕೆಲಸ ಸಿಕ್ಕಿತು ಎಂದು ತಿಳಿಯಬೇಡಿ. ನರ್ಸರಿಯ ಕೆಲಸ ಎರಡೂವರೆ ತಿಂಗಳು. ಉಳಿದ ದಿನ ಮನೆಯಲ್ಲಿ ದನ ನೋಡಿಕೊಳ್ಳುತ್ತಾನೆ.

ಆ ದಿನದಿಂದ ನಮ್ಮ ಮೇಜಿಗೆ ಕೆಲವು ಕಟ್ಟುಪಾಡು ಬಂದವು. ಒಂದು ಶನಿವಾರಕ್ಕೆ ಒಂದೇ ಮಗು, ಆ ಮಗುವಿನ ಒಂದೇ ಕೆಲಸ. ಮೂರು ನಿಮಿಷ ಮೀರದ ವಿಡಿಯೊ, ಮೊದಲ ಸಲ ದನಿ ಇಲ್ಲದೆ. ವಿಡಿಯೊ ತಂದವರು ಐದು ನಿಮಿಷ ಮಾತಾಡಿ ಸುಮ್ಮನಾಗಬೇಕು. ಉಳಿದವರು ಮೊದಲು ಕಂಡದ್ದನ್ನು ಹೇಳಬೇಕು, ಅನಿಸಿದ್ದನ್ನಲ್ಲ. 'ಅವನಿಗೆ ಆಸಕ್ತಿ ಇಲ್ಲ' ಎಂಬುದು ಅನಿಸಿದ್ದು. 'ನಾಲ್ಕನೇ ಬೊಗಸೆ ಆದ ಮೇಲೆ ಕಿಟಕಿ ಕಡೆ ತಿರುಗಿದ' ಎಂಬುದು ಕಂಡದ್ದು. 'ನಮ್ಮ ಶಾಲೆಯಲ್ಲಿ ನಾವು ಹೇಗೆ ಮಾಡುತ್ತೇವೆಂದರೆ' ಎಂದು ಮೊದಲ ಅರ್ಧ ಗಂಟೆಯಲ್ಲಿ ಯಾರಾದರೂ ಬಾಯಿ ತೆರೆದರೆ ಆ ವಾರದ ಚುರುಮುರಿ ಅವರ ಲೆಕ್ಕ. ನಾನೇ ಹೆಚ್ಚು ಸಲ ಕೊಟ್ಟಿದ್ದೇನೆ. ಕೊನೆಗೆ ಒಂದು ಬದಲಾವಣೆ ನಿಶ್ಚಯಿಸಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಮುಂದಿನ ತಿಂಗಳು ಆ ಪುಟವನ್ನು ತೆರೆಯದೆ ಹೊಸ ಮಗುವಿನ ಮಾತು ಎತ್ತುವಂತಿಲ್ಲ. ನೂರು ಸಭೆಗಿಂತ ಈ ಒಂದು ನಿಯಮ ಹೆಚ್ಚು ಕೆಲಸ ಮಾಡಿದೆ ಎಂದು ನನ್ನ ಎಣಿಕೆ. ಏಕೆಂದರೆ ಹೋದ ತಿಂಗಳು ಹೇಳಿದ್ದನ್ನು ಮಾಡದೆ ಬಂದವರಿಗೆ ಮೇಜಿನ ಮುಂದೆ ಕೂರುವುದು ಕಷ್ಟ.

ವಿಡಿಯೊಗೆ ಹೆತ್ತವರ ಒಪ್ಪಿಗೆ ಬರೆಸಿಕೊಳ್ಳಿ. ನೋಡಿ ಮುಗಿದ ಮೇಲೆ ಅಳಿಸಿ. ವಾಟ್ಸ್‌ಆ್ಯಪಿನಲ್ಲಿ ಹಾಕಲೇಬೇಡಿ. ನಾವು ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡು ನೋಡಿದೆವು. ಎರಡು ತಿಂಗಳಲ್ಲಿ ಅದು ಶುಭೋದಯದ ಗುಲಾಬಿಗಳ ತೋಟವಾಯಿತು.

ಇನ್ನೊಂದು ಮಾತು. ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ನವೀಕರಿಸಲು ಮಾನ್ಯತೆ ಇರುವ ಕಾರ್ಯಕ್ರಮಗಳಿಗೆ ಹೋಗಿ ಅಂಕ ಕೂಡಿಸಬೇಕು ಎಂಬುದು ನಿಮಗೆ ಗೊತ್ತು. ನಮ್ಮ ಮೇಜಿಗೆ ಅಂಕವಿಲ್ಲ. ಅದೇ ಕಾರಣಕ್ಕೆ ಇಬ್ಬರು ಬಿಟ್ಟುಹೋದರು. ಅವರನ್ನು ದೂರುವುದಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಶನಿವಾರದ ಮಧ್ಯಾಹ್ನ ಚಿನ್ನ. ನಾಲ್ಕು ಮಂದಿ ಇದ್ದರೂ ಸಾಕು. ಹನ್ನೆರಡು ಮಂದಿ ಆದರೆ ಅದು ಸಭೆ, ಆಮೇಲೆ ಒಬ್ಬರು ಅಧ್ಯಕ್ಷರು ಬೇಕಾಗುತ್ತಾರೆ.

ನಿಮ್ಮ ಮೇಣದಬತ್ತಿಯ ವಿಷಯ. ನಿಮ್ಮ ಊರಿನಲ್ಲಿ ಮೇಣದಬತ್ತಿ ಮಾಡಿ ಜೀವನ ಮಾಡುವವರು ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ಮಕ್ಕಳು ಏಕೆ ಮಾಡಬೇಕು? ಗುಂಪಿನ ಮೊದಲ ಕೆಲಸವಾಗಿ, ಪ್ರತಿಯೊಬ್ಬರೂ ಶಾಲೆಯಿಂದ ಎರಡು ಕಿಲೊಮೀಟರಿನೊಳಗೆ ಜನ ಕೂಲಿ ಪಡೆದು ಮಾಡುವ ಕೆಲಸಗಳನ್ನು ನಡೆದು ನೋಡಿ ಬರೆದುಕೊಂಡು ಬನ್ನಿ. ನಮ್ಮ ಪಟ್ಟಿಯಲ್ಲಿ ಮೆಣಸು ಬಿಡಿಸುವುದು, ಹೋಟೆಲಿನಲ್ಲಿ ಈರುಳ್ಳಿ ಸುಲಿಯುವುದು, ಹೋಂಸ್ಟೇ ಹಾಸಿಗೆಗೆ ಹೊದಿಕೆ ಹಾಕುವುದು, ಗ್ಯಾರೇಜಿನಲ್ಲಿ ಬೈಕ್ ತೊಳೆಯುವುದು ಇದ್ದವು. ಕಡೂರಿನ ಪಟ್ಟಿಯಲ್ಲಿ ತೆಂಗಿನಕಾಯಿ ಎಣಿಸಿ ಚೀಲಕ್ಕೆ ಹಾಕುವುದಿತ್ತು. ಮೇಣದಬತ್ತಿ ಒಬ್ಬರ ಪಟ್ಟಿಯಲ್ಲಿಯೂ ಇರಲಿಲ್ಲ.

ಪ್ರಶ್ನೆ: ಹಾಸನದಲ್ಲಿ ವಿಶೇಷ ಶಿಕ್ಷಣದ ಬಿ.ಎಡ್. ಓದುತ್ತಿದ್ದೇನೆ. 'ವೃತ್ತಿಪರ ಕಲಿಕಾ ಸಮುದಾಯ', 'ಪರಿವರ್ತನಾ ಸೇವೆ' ಎಂದು ಟಿಪ್ಪಣಿಯಲ್ಲಿ ಬರೆಸಿದ್ದಾರೆ. ಇವು ಎಲ್ಲಿಂದ ಬಂದವು? ನಮಗೆ ಅನ್ವಯಿಸುತ್ತವೆಯೇ?

ಉತ್ತರ: ಎರಡೂ ಅಮೆರಿಕದಿಂದ ಬಂದ ಪದಗಳು. ಮೊದಲನೆಯದು 1990ರ ದಶಕದಲ್ಲಿ ಬಳಕೆಗೆ ಬಂತು. ಶಿಕಾಗೊ ಬಳಿಯ ಆಡ್ಲಾಯ್ ಸ್ಟೀವನ್‌ಸನ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದ ರಿಚರ್ಡ್ ಡುಫೋರ್ ಮತ್ತು ಅವರ ಜೊತೆಗಾರ ರಾಬರ್ಟ್ ಈಕರ್ ಅದನ್ನು ಹಬ್ಬಿಸಿದವರು. ಮಕ್ಕಳು ಏನು ಕಲಿಯಬೇಕು, ಕಲಿತರೆಂದು ಹೇಗೆ ತಿಳಿಯುತ್ತದೆ, ಕಲಿಯದಿದ್ದರೆ ಏನು ಮಾಡುತ್ತೇವೆ, ಆಗಲೇ ಬಲ್ಲವರಿಗೆ ಏನು ಮಾಡುತ್ತೇವೆ ಎಂಬ ನಾಲ್ಕು ಪ್ರಶ್ನೆಗಳನ್ನು ಶಿಕ್ಷಕರು ಒಟ್ಟಿಗೆ ಕುಳಿತು ಕೇಳಿಕೊಳ್ಳಬೇಕು ಎಂಬುದು ಅದರ ತಿರುಳು. ಜಪಾನಿನ ಶಾಲೆಗಳಲ್ಲಿ ಅದಕ್ಕಿಂತ ಬಹಳ ಹಿಂದಿನಿಂದಲೂ ಶಿಕ್ಷಕರು ಒಂದು ಪಾಠವನ್ನು ಕೂಡಿ ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ಹಿಂದೆ ನಿಂತು ಮಕ್ಕಳನ್ನು ಗಮನಿಸಿ, ಆಮೇಲೆ ಚರ್ಚಿಸುವ ಪದ್ಧತಿ ಇದೆ. ನನಗೆ ಜಪಾನಿನವರದೇ ಹೆಚ್ಚು ಹಿಡಿಸುತ್ತದೆ, ಅದರಲ್ಲಿ ಮಾತು ಕಡಿಮೆ.

ಎರಡನೆಯ ಪದ ಅವರ ಕಾನೂನಿನಲ್ಲಿಯೇ ಇದೆ. 1975ರ ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆಯನ್ನು 1990ರಲ್ಲಿ ತಿದ್ದಿ ಹೆಸರು ಬದಲಿಸಿದಾಗ, ಶಾಲೆಯಿಂದ ಆಚೆಗಿನ ಬದುಕಿಗೆ ಮಗುವನ್ನು ಸಿದ್ಧಗೊಳಿಸುವ ಸೇವೆಯನ್ನು ಸೇರಿಸಿದರು. 2004ರ ತಿದ್ದುಪಡಿಯ ಪ್ರಕಾರ ಮಗುವಿಗೆ 16 ತುಂಬುವ ವೇಳೆಗೆ ಅದರ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ಈ ಭಾಗ ಇರಲೇಬೇಕು.

ನಮ್ಮಲ್ಲಿ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. 21 ಬಗೆಯ ವೈಕಲ್ಯಗಳನ್ನು ಅದು ಗುರುತಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ವೃತ್ತಿ ತರಬೇತಿ, ಸ್ವಂತ ಉದ್ಯೋಗದ ಮಾತು 19ನೇ ಸೆಕ್ಷನ್ನಿನಲ್ಲಿದೆ. ಈ ದಡವೂ ಇದೆ, ಆ ದಡವೂ ಇದೆ. ನಡುವಿನ ಸಂಕ ಹಾಕುವ ಕೆಲಸ ನಿಮ್ಮಂಥ ಶಿಕ್ಷಕರ ಪಾಲಿಗೆ ಬಿದ್ದಿದೆ. ಮಲೆನಾಡಿನಲ್ಲಿ ಹಳ್ಳದ ಸಂಕವನ್ನು ಊರವರೇ ಹಾಕಿಕೊಳ್ಳುವುದು ವಾಡಿಕೆ, ಅದಕ್ಕೆ ನಾನು ಹೆದರುವುದಿಲ್ಲ. ಪರೀಕ್ಷೆಯಲ್ಲಿ ಸಂಕದ ಮಾತು ಬರೆಯಬೇಡಿ, ಇಸವಿಗಳನ್ನು ಬರೆಯಿರಿ.

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕಿನ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ಹುದ್ದೆ). ಸಾಮಾನ್ಯ ಶಾಲೆಗಳಲ್ಲಿರುವ ವಿಶೇಷ ಅಗತ್ಯವುಳ್ಳ ಮಕ್ಕಳನ್ನೂ ಗೃಹಾಧಾರಿತ ಶಿಕ್ಷಣದ ಮಕ್ಕಳನ್ನೂ ನೋಡಬೇಕು. ನನ್ನ ಕೆಲಸದ ಬಹುಪಾಲು ಪಟ್ಟಿ ಮತ್ತು ಫೋಟೊ. ಗುಂಪು ಸೇರಿ ಕಲಿಯಲು ನನಗೆ ಸಮಯವೆಲ್ಲಿ?

ಉತ್ತರ: ಇಲ್ಲ. ಸಮಯ ಇಲ್ಲವೆಂಬುದು ಸರಿ. ಆದರೆ ಅಕ್ಕಪಕ್ಕದ ಶಾಲೆಗಳು ಸೇರಿದ ಕ್ಲಸ್ಟರಿನ ಸಮಾಲೋಚನಾ ಸಭೆ ಇದ್ದೇ ಇದೆ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿಯವರನ್ನು ಕೇಳಿ ಅದರಲ್ಲಿ ಇಪ್ಪತ್ತು ನಿಮಿಷ ತೆಗೆದುಕೊಳ್ಳಿ. ಭಾಷಣ ಮಾಡಬೇಡಿ. ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗುವ ಒಂದು ಮಗುವಿನ ಹೆಸರು ಹೇಳಿ, ಆ ಶಾಲೆಯ ಶಿಕ್ಷಕರನ್ನೂ ಹೋಗಲಿರುವ ಹೈಸ್ಕೂಲಿನ ಶಿಕ್ಷಕರನ್ನೂ ಅಕ್ಕಪಕ್ಕ ಕೂರಿಸಿ. ದಾಟುವುದು ಎಂದರೆ ಹದಿನೆಂಟರಲ್ಲಿ ಮಾತ್ರ ಎಂದುಕೊಂಡಿದ್ದೇವೆ. ಏಳರಿಂದ ಎಂಟಕ್ಕೆ ಹೋಗುವಾಗಲೇ ನಮ್ಮ ಎಷ್ಟೋ ಮಕ್ಕಳು ಜಾರಿ ಹೋಗುತ್ತಾರೆ, ಟಿ.ಸಿ. ತೆಗೆದುಕೊಂಡು ಮನೆಗೆ.

ನಮ್ಮ ಗುಂಪಿನ ಬೇಲೂರಿನ ಟೀಚರ್ ಇದಕ್ಕೆ ಒಂದು ಪುಟದ ಕಾಗದ ಮಾಡಿದ್ದರು. ವೈದ್ಯಕೀಯ ಪದ ಒಂದೂ ಇಲ್ಲ. 'ಗಂಟೆ ಹೊಡೆದಾಗ ಕಿವಿ ಮುಚ್ಚಿಕೊಳ್ಳುತ್ತಾನೆ, ಬಯ್ಯಬೇಡಿ, ಅರ್ಧ ನಿಮಿಷದಲ್ಲಿ ಸರಿಹೋಗುತ್ತಾನೆ. ಶೌಚಾಲಯಕ್ಕೆ ಹೋಗಬೇಕಾದರೆ ಕೇಳುವುದಿಲ್ಲ, ಬಾಗಿಲ ಬಳಿ ಹೋಗಿ ನಿಲ್ಲುತ್ತಾನೆ. ಬೋರ್ಡಿನಿಂದ ನೋಡಿ ಬರೆಯಲಾರ, ಪಕ್ಕದವನ ಪುಸ್ತಕದಿಂದ ನೋಡಿ ಬರೆಯುತ್ತಾನೆ. ಲೆಕ್ಕದಲ್ಲಿ ನಿಮಗಿಂತ ಚುರುಕು.' ಆ ಕೊನೆಯ ಸಾಲಿನಿಂದ ಹೈಸ್ಕೂಲಿನ ಗಣಿತದ ಮೇಷ್ಟ್ರು ಮೊದಲ ದಿನವೇ ಹುಡುಗನನ್ನು ಹುಡುಕಿಕೊಂಡು ಹೋದರಂತೆ.

ಫೋಟೊ ಹೇಗೂ ತೆಗೆಯಬೇಕಲ್ಲ, ಆ ಕಾಗದ ಕೈಬದಲಾಗುವಾಗ ಒಂದು ತೆಗೆದುಬಿಡಿ.

ಪ್ರಶ್ನೆ: ಬೇಲೂರು ತಾಲ್ಲೂಕಿನವಳು. ನನ್ನ ಮಗಳಿಗೆ 15 ವರ್ಷ, ಡೌನ್ ಸಿಂಡ್ರೋಮ್ ಇದೆ. ಒಬ್ಬಳೇ ಬಸ್ಸಿನಲ್ಲಿ ಬರುವುದನ್ನು ಕಲಿಸೋಣ ಎಂದು ಅವಳ ಶಾಲೆಯ ಟೀಚರ್ ಹೇಳುತ್ತಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಅವರಿಗೇನು, ಹೇಳಿಬಿಡುತ್ತಾರೆ. ಹೆತ್ತವಳು ನಾನು.

ಉತ್ತರ: ನಿಮ್ಮ ಹೆದರಿಕೆಗೆ ಅರ್ಥವಿದೆ ತಾಯಿ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಬಸ್ಸಿಗೆ ಮುಂಚೆ ಒಂದೆರಡು ಪ್ರಶ್ನೆ ನಾನು ಕೇಳುತ್ತೇನೆ. ಮಗಳಿಗೆ ಸ್ನಾನ ಯಾರು ಮಾಡಿಸುತ್ತಾರೆ? ಬಟ್ಟೆ ಬದಲಿಸುವಾಗ ಬಾಗಿಲು ಹಾಕಿಕೊಳ್ಳುವುದು ಅವಳಿಗೆ ರೂಢಿಯಿದೆಯೇ? ಮುಟ್ಟಿನ ದಿನಗಳಲ್ಲಿ ಪ್ಯಾಡ್ ಅವಳೇ ಬದಲಿಸುತ್ತಾಳೆಯೇ? ಅಮ್ಮ, ಅಜ್ಜಿ, ಚಿಕ್ಕಮ್ಮ, ಅಕ್ಕ ಎಲ್ಲರ ಕೈಯೂ ದಿನವೂ ಮೈಮೇಲೆ ಆಡುತ್ತಿದ್ದರೆ, ಯಾವ ಕೈ ಸರಿ, ಯಾವ ಕೈ ತಪ್ಪು ಎಂದು ಆ ಹುಡುಗಿ ಹೇಗೆ ಕಲಿಯಬೇಕು? ಬಸ್ಸಿನಲ್ಲಿ ಅವಳನ್ನು ಕಾಯುವ ಪಾಠ ನಿಮ್ಮ ಬಚ್ಚಲಮನೆಯಲ್ಲಿ ಶುರುವಾಗುತ್ತದೆ. ತಪ್ಪು ಕೈ ಬಿದ್ದರೆ ಕೂಗಬೇಕು, ಮನೆಗೆ ಬಂದು ಹೇಳಬೇಕು, ಹೇಳಿದರೆ ಬಯ್ಗುಳ ಬೀಳುವುದಿಲ್ಲ ಎಂಬ ಧೈರ್ಯ ಇರಬೇಕು. ಹದಿನೆಂಟರೊಳಗಿನ ಯಾವ ಮಗುವಿಗಾದರೂ 2012ರ ಪೋಕ್ಸೊ ಕಾಯ್ದೆಯ ರಕ್ಷಣೆ ಇದೆ, ಆದರೆ ಮಗು ಬಾಯಿ ಬಿಟ್ಟರೆ ತಾನೇ ಕಾಯ್ದೆಗೆ ಕೆಲಸ.

ಬಸ್ ಕಲಿಸುವುದು ಎಂದರೆ ನಾಳೆ ಬೆಳಿಗ್ಗೆ ಹತ್ತಿಸಿ ಕೈಬೀಸುವುದಲ್ಲ. ನಮ್ಮ ಗುಂಪಿನಲ್ಲಿ ಒಬ್ಬಳು ಹುಡುಗಿಗೆ ಒಂದು ವರ್ಷ ಕಲಿಸಿದೆವು. ಕಂಡಕ್ಟರಿಗೆ 20 ರೂಪಾಯಿ ಕೊಡುವುದು, ಚಿಲ್ಲರೆಗೆ ಕಾಯುವುದು, ಟಿಕೆಟನ್ನು ಮುಷ್ಟಿಯಲ್ಲಿ ಇಟ್ಟುಕೊಳ್ಳುವುದು, ಎಲ್ಲ ಬಂತು. ಅಷ್ಟರಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಕಂಡಕ್ಟರ್ ದುಡ್ಡು ಬೇಡವೆಂದು ಶೂನ್ಯ ಟಿಕೆಟ್ ಕೊಟ್ಟರು. ಹುಡುಗಿ ನೋಟು ಮುಂದೆ ಹಿಡಿದೇ ನಿಂತಳು, ಅವರು ನಕ್ಕರು, ಇವಳು ಅತ್ತಳು. ಆಧಾರ್ ತೋರಿಸುವುದನ್ನು ಕಲಿಸಿದೆವು. ಮರುವಾರ ಖಾಸಗಿ ಬಸ್ ಹತ್ತಿ ಅಲ್ಲಿಯೂ ಆಧಾರ್ ತೋರಿಸಿದಳು. ಕೆಂಪು ಬಸ್ ಎಂದು ಗುರುತು ಹೇಳಿಕೊಡೋಣ ಎಂದರು ಕಡೂರಿನವರು. ಮಲೆನಾಡಿನ ಖಾಸಗಿ ಬಸ್ಸುಗಳು ಎಷ್ಟು ಬಣ್ಣದಲ್ಲಿವೆ, ಅದರಲ್ಲಿ ಕೆಂಪೂ ಇದೆ ಎಂದರು ಮೂಡಿಗೆರೆಯವರು. ಆ ಶನಿವಾರ ಎರಡು ತಾಸು ಬರೀ ಬಣ್ಣದ ಜಗಳ. ಕೊನೆಗೆ ಬಣ್ಣವನ್ನೇ ಬಿಟ್ಟೆವು. ಮೆಟ್ಟಿಲ ಬಳಿ ನಿಂತು ಆಧಾರ್ ಕಾರ್ಡನ್ನು ಮೇಲೆತ್ತಿ ಕಂಡಕ್ಟರ್ ಕಡೆ ನೋಡುವುದು, ಅವರು ತಲೆಯಾಡಿಸಿದರೆ ಕಾರ್ಡ್, ಇಲ್ಲವೆಂದರೆ ನೋಟು. ಎರಡೂ ಒಂದೇ ಪರ್ಸಿನಲ್ಲಿ, ಎರಡು ಖಾನೆಯಲ್ಲಿ. ಅವಳಿಗೆ ಅದು ಒಂಬತ್ತು ದಿನದಲ್ಲಿ ಬಂತು.

ನಿಮ್ಮ ಮಗಳ ಟೀಚರ್‌ಗೆ ಒಂದು ಮಾತು ಕೇಳಿ: ಮೊದಲ ತಿಂಗಳು ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? 'ನಾನು' ಎಂದರೆ ಅವರನ್ನು ನಂಬಿ.

ಪ್ರಶ್ನೆ: ಸಕಲೇಶಪುರ. ಆಟಿಸಂ ಇರುವ ಮಗನಿಗೆ ಬರುವ ಮಾರ್ಚಿಗೆ 18. ಬ್ಯಾಂಕಿನಲ್ಲಿ ಇನ್ನು ಮುಂದೆ ತಂದೆಯ ಸಹಿ ನಡೆಯುವುದಿಲ್ಲ ಎಂದರು. ಏನು ಮಾಡಬೇಕು?

ಉತ್ತರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ, ಈ ನಾಲ್ಕಕ್ಕೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಇದೆ. 18 ತುಂಬಿದ ಮೇಲೂ ನೆರವು ಬೇಕಾದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಇರುತ್ತಾರೆ. ಹಾಸನದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ದಾರಿ ಗೊತ್ತಿರುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ ಅದು ಮೊದಲು. ಇದೇ ನ್ಯಾಸದ 'ನಿರಾಮಯ' ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಅದನ್ನೂ ಮಾಡಿಸಿ.

ಆದರೆ ಪೋಷಕರ ಪತ್ರ ಕೈಗೆ ಬಂತು ಎಂದು ಮಗನ ಸಹಿ ಕಲಿಸುವುದನ್ನು ನಿಲ್ಲಿಸಬೇಡಿ. ಎಟಿಎಂಗೆ ಅವನನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ. ಹದಿನೆಂಟಾದರೆ ಮತದಾರರ ಪಟ್ಟಿಗೂ ಹೆಸರು ಸೇರಿಸಿ. ಬಹಳ ಮನೆಗಳಲ್ಲಿ ಇದು ಯಾರಿಗೂ ಹೊಳೆಯುವುದೇ ಇಲ್ಲ.

ಪ್ರಶ್ನೆ: ಆಲ್ದೂರು ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬುದು ನಿಮಗೂ ಗೊತ್ತು. ಹತ್ತಿರದ ವಿಶೇಷ ಶಾಲೆಯ ಒಂದಿಬ್ಬರು ಹುಡುಗರಿಗೆ ಕೊಯ್ಲಿನಲ್ಲಿ ಕೆಲಸ ಕೊಡಬೇಕೆಂದಿದ್ದೇನೆ. ತಪ್ಪು ತಿಳಿಯುತ್ತಾರೆಯೇ? ಕೂಲಿ ಎಷ್ಟು ಕೊಡುವುದು?

ಉತ್ತರ: ಕೂಲಿಯ ಮಾತನ್ನು ಮೊದಲು ಮುಗಿಸೋಣ. ಉಳಿದವರಿಗೆ ಎಷ್ಟೋ ಅವರಿಗೂ ಅಷ್ಟೇ. 'ಅವರಿಗೆ ದುಡ್ಡಿನ ಲೆಕ್ಕ ಗೊತ್ತಾಗುವುದಿಲ್ಲ, ಊಟ ಹಾಕಿ ಐವತ್ತು ಕೊಟ್ಟರೆ ಖುಷಿ' ಎಂದು ಒಬ್ಬರು ನನ್ನ ಮುಂದೆಯೇ ಹೇಳಿದ್ದರು. ಆ ತೋಟಕ್ಕೆ ನಾನು ಯಾರನ್ನೂ ಕಳುಹಿಸಲಿಲ್ಲ. ವಯಸ್ಸಿನ ದಾಖಲೆ ನೋಡಿ. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಅಪರಾಧ, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. 18 ಆದವರನ್ನೇ ತೆಗೆದುಕೊಳ್ಳಿ, ಚಿಕ್ಕವರು ಟೀಚರ್ ಜೊತೆ ಬಂದು ನೋಡಿ ಕಲಿತು ಹೋಗಲಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಹತ್ತಿರ, ಔಷಧಿ ಹೊಡೆಯುವ ಕಡೆ ಬೇಡವೇ ಬೇಡ.

ಹಣ್ಣು ಕೊಯ್ಯಲು ಅವರನ್ನು ಹಚ್ಚಬೇಡಿ ಎಂಬುದು ನನ್ನ ಸಲಹೆ. ಕೊಯ್ಲಿನ ಲೆಕ್ಕ ಕಿಲೊ ಮೇಲೆ. ಇಳಿಜಾರಿನಲ್ಲಿ ನಿಂತು ಹಸಿರು ಬಿಟ್ಟು ಕೆಂಪು ಆರಿಸುವ ವೇಗ ಅವರಿಗೆ ತಡವಾಗಿ ಬರುತ್ತದೆ, ಸಂಜೆ ತೂಕಕ್ಕೆ ಇಟ್ಟಾಗ ಎಲ್ಲರೆದುರು ಚೀಲ ಸಣ್ಣದಾಗಿ ಕಾಣುತ್ತದೆ. ಅದರ ಬದಲು ಕಣಕ್ಕೆ ಹಾಕಿ. ಸಿಪ್ಪೆ ಬಿಡಿಸಿ ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್ ಹರಡಿದ ಮೇಲೆ ದಿನವಿಡೀ ತಿರುವಿ ಹಾಕುತ್ತಿರಬೇಕಲ್ಲ, ಅದು ದಿನಗೂಲಿಯ ಕೆಲಸ, ಒಂದೇ ಬಗೆಯದು. ಬೇರೆಯವರಿಗೆ ಬೇಸರ ತರಿಸುವ ಆ ಒಂದೇ ಬಗೆ ನಮ್ಮ ಕೆಲವು ಹುಡುಗರಿಗೆ ನೆಮ್ಮದಿ. ಅಲಾರಾಂ ಗಡಿಯಾರವೊಂದನ್ನು ಕಣದ ಕಟ್ಟೆಯ ಮೇಲಿಡಿ. ಅದು ಬಡಿದರೆ ಗೋರುಮಣೆ ಹಿಡಿದು ಆ ತುದಿಯಿಂದ ಈ ತುದಿಗೆ. ಕಪ್ಪು ಬೀಜ, ಒಡೆದ ಬೀಜ ಆರಿಸುವ ಕೆಲಸವೂ ಸರಿ. ಎರಡು ಲೋಟದಲ್ಲಿ ಮಾದರಿ ಹಾಕಿಟ್ಟರೆ ಕೆಲವರು ತೋಟದ ಲೆಕ್ಕ ಬರೆಯುವ ನಿಮ್ಮ ರೈಟರಿಗಿಂತ ಕಟ್ಟುನಿಟ್ಟಾಗಿ ಆರಿಸುತ್ತಾರೆ.

ಕಷ್ಟ ಎಲ್ಲಿ ಬರುತ್ತದೆ ಎಂದರೆ, ಅಕಾಲದಲ್ಲಿ ಮೋಡ ಕವಿದಾಗ. 'ಬೇಗ ಬೇಗ, ಟಾರ್ಪಾಲು ಎಳಿ' ಎಂದು ನಾಲ್ಕು ಕಡೆಯಿಂದ ಕೂಗು ಬೀಳುತ್ತದೆ. ಆ ಗದ್ದಲಕ್ಕೆ ನಮ್ಮ ಹುಡುಗ ನಿಂತಲ್ಲೇ ಕಿವಿ ಮುಚ್ಚಿಕೊಂಡು ಕೂರುತ್ತಾನೆ, ಮೇಸ್ತ್ರಿ ಅವನನ್ನು ಸೋಮಾರಿ ಎನ್ನುತ್ತಾನೆ, ಮರುದಿನದಿಂದ ಅವನು ಬರುವುದಿಲ್ಲ. ಬಿಸಿಲಿರುವಾಗಲೇ ಎರಡು ಮೂರು ಸಲ ಟಾರ್ಪಾಲು ಎಳೆಯುವುದನ್ನು ಆಟದಂತೆ ಮಾಡಿಸಿ. ಅವನಿಗೆ ಒಂದೇ ಮೂಲೆ ಗೊತ್ತುಮಾಡಿ, ಆ ಮೂಲೆಗೆ ಹಳದಿ ಬಟ್ಟೆ ಕಟ್ಟಿ. ಮಳೆ ಬಂದರೆ ಹಳದಿ ಮೂಲೆ ಅವನದು.

ಕೊಯ್ಲಿಗೆ ಇನ್ನೂ ದಿನವಿದೆ. ಅಷ್ಟರೊಳಗೆ ನಿಮ್ಮ ಮೇಸ್ತ್ರಿಯನ್ನು ಒಂದು ದಿನದ ಕೂಲಿ ಕೊಟ್ಟು ಆ ಶಾಲೆಗೆ ಕಳುಹಿಸಿ. ತರಗತಿಯ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಲಿ. ಟೀಚರ್ ಕಾಫಿ ಕೊಡುತ್ತಾರೆ, ತೋಟದವರಿಗೆ ಅದು ಸೇರಲಿಕ್ಕಿಲ್ಲ, ಆದರೂ ಕುಡಿಯಲು ಹೇಳಿ.